ಕಿರಂಗೂರಿನಿಂದ ಹೊರಡುವ ಸಾಲು

ಮೈಸೂರು ಅರಸರ ದಸರಾ ಮೆರವಣಿಗೆಯ ಮೊದಲ ಊರು ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನ ಕೈಯಿಂದ ಈ ಕೋಟೆಯನ್ನು ಪಡೆದು, ಮೈಸೂರಿನ ಗದ್ದುಗೆಯನ್ನು ಇಲ್ಲಿಗೆ ತಂದರು. ಆ ವರ್ಷವೇ ಮಹಾನವಮಿ ನಡೆಸಿದರು. ಹಬ್ಬಕ್ಕೆ ಒಂದು ದಿನ ಮುಂಚೆ ಮಗ ನರಸರಾಜ ತೀರಿಕೊಂಡರೂ, ಪಂಡಿತರನ್ನು ಕೇಳಿ, ಸೂತಕ ಬಂದರೂ ನವರಾತ್ರಿ ನಿಲ್ಲಕೂಡದೆಂದು ಕಟ್ಟಳೆ ಮಾಡಿದರು ಎಂದು ಅರಮನೆಯ ಚರಿತ್ರೆ ಬರೆದವರು ಹೇಳುತ್ತಾರೆ. ಮಗನ ಸಾವಿನ ದುಃಖ ನುಂಗಿಕೊಂಡು ಶುರುವಾದ ಹಬ್ಬ ಇದು. ಮುಂದಿನ ಸುಮಾರು 190 ವರ್ಷ ಅದು ಕಾವೇರಿಯ ಎರಡು ಕವಲುಗಳ ನಡುವಿನ ಈ ದ್ವೀಪದ ಹಬ್ಬವಾಗಿಯೇ ಇತ್ತು. ಮೈಸೂರಿಗೆ ಅದು ಹೋದದ್ದು ಆಮೇಲೆ.

ನಾನು ನಾಗಮಂಗಲ ತಾಲ್ಲೂಕು ಬೆಳ್ಳೂರು ಹೋಬಳಿಯವನು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಮೇಷ್ಟರಾಗುವುದಕ್ಕೂ ಮೊದಲೇ ಪಟ ಹಿಡಿದವನು. ನಮ್ಮಪ್ಪ ಪಟ ಕುಣಿಯುತ್ತಿದ್ದರು, ಅವರಪ್ಪನೂ ಕುಣಿಯುತ್ತಿದ್ದರು. ನಮ್ಮ ಮನೆಯ ಪಟ ಆದಿಚುಂಚನಗಿರಿಯ ಭೈರವನ ಒಕ್ಕಲಿನದು. ಅಮ್ಮನ ತವರು ಮಾತ್ರ ಕಿರಂಗೂರು, ಶ್ರೀರಂಗಪಟ್ಟಣಕ್ಕೆ ಬಡಗಲಾಗಿ, ಪಾಂಡವಪುರದ ರಸ್ತೆ ಕವಲೊಡೆಯುವ ಕಡೆ. ಈ ಎರಡು ಊರುಗಳ ನಡುವೆ ಓಡಾಡಿ ಬೆಳೆದದ್ದರಿಂದ ಮೆರವಣಿಗೆ ಅಂದರೆ ಏನೆಂದು ನನಗೆ ಎರಡೂ ಕಡೆಯಿಂದ ತಿಳಿಯಿತು: ರಸ್ತೆಯ ಬದಿಯಲ್ಲಿ ಕಾದು ನಿಂತವರ ಕಡೆಯಿಂದ, ಸಾಲಿನೊಳಗೆ ನಡೆದವರ ಕಡೆಯಿಂದ.

ಪಟ ನೋಡದವರಿಗೆ ಎರಡು ಮಾತು. ಆಳೆತ್ತರಕ್ಕೆ ಎರಡು ಪಟ್ಟು ಮೀರಿದ ಬಿದಿರು ಗಳ. ಅದರ ನೆತ್ತಿಗೆ ಹಿತ್ತಾಳೆಯದೋ ಬೆಳ್ಳಿಯದೋ ಕೊಡೆ. ಗಳದ ಉದ್ದಕ್ಕೂ ಬಣ್ಣಬಣ್ಣದ ಬಟ್ಟೆ ಬಿಗಿದು ಸುತ್ತಿರುತ್ತದೆ. ತಮಟೆ, ನಗಾರಿಯ ಗತ್ತಿಗೆ ಸರಿಯಾಗಿ ಹೆಜ್ಜೆ ಹಾಕುತ್ತಾ ಅದನ್ನು ಅಂಗೈ ಮೇಲೆ, ಭುಜದ ಮೇಲೆ, ಹಣೆಯ ಮೇಲೆ, ಕೊನೆಗೆ ಹಲ್ಲಿನ ಮೇಲೂ ನಿಲ್ಲಿಸಬೇಕು. ಗಳ ನೆಲಕ್ಕೆ ಮುಟ್ಟಬಾರದು. ನೋಡುವವರ ಕಣ್ಣು ಕುಣಿಯುವವನ ಕಾಲಿನ ಮೇಲಿರುತ್ತದೆ, ಕುಣಿಯುವವನ ಕಣ್ಣು ಮಾತ್ರ ಕೊಡೆಯ ತುದಿ ಬಿಟ್ಟು ಕದಲುವ ಹಾಗಿಲ್ಲ. ‘ತುದಿ ನೋಡು, ಜನ ನೋಡಬೇಡ’ ಎನ್ನುತ್ತಿದ್ದರು ಅಪ್ಪ. ಕತ್ತು ಮೇಲೆತ್ತಿಕೊಂಡೇ ರಸ್ತೆಯ ಗುಂಡಿಯನ್ನು ಪಾದದಲ್ಲಿ ಕಂಡುಕೊಂಡು ದಾಟುವುದನ್ನು ಕಲಿಯುವುದಕ್ಕೇ ಎಷ್ಟೋ ಕಾಲ ಬೇಕು.

ಶ್ರೀರಂಗಪಟ್ಟಣದ ದಸರಾ ಸರ್ಕಾರದ ನೆರವಿನಿಂದ ಮತ್ತೆ ನಡೆಯತೊಡಗಿದಾಗ ನಮ್ಮ ತಂಡಕ್ಕೂ ಕರೆ ಬಂತು. ಇಲ್ಲಿಯ ಜಂಬೂಸವಾರಿ ವಿಜಯದಶಮಿಯ ದಿನ ಇರುವುದಿಲ್ಲ, ನವರಾತ್ರಿಯ ಮೊದಲ ದಿನಗಳಲ್ಲೇ ಮುಗಿಯುತ್ತದೆ. ಆನೆಗಳು ಮೈಸೂರಿನಿಂದ ಬಂದು, ಇಲ್ಲಿಯ ಸೇವೆ ಮುಗಿಸಿ ಮತ್ತೆ ಅಲ್ಲಿಯ ತಾಲೀಮಿಗೆ ಹೋಗಬೇಕಲ್ಲ. ಮೆರವಣಿಗೆ ಹೊರಡುವುದು ಕಿರಂಗೂರಿನ ಬನ್ನಿಮಂಟಪದಿಂದ. ಅಜ್ಜಿಯ ಮನೆಗೆ ಹೋದಾಗಲೆಲ್ಲ ನಾವು ಮಕ್ಕಳು ಹತ್ತಿ ಇಳಿದು ಆಡುತ್ತಿದ್ದ ಹಳೆಯ ಕಲ್ಲುಮಂಟಪ ಅದು. ಬನ್ನಿಪೂಜೆಗೆ ಅರಸರು ಇಲ್ಲಿಗೇ ಬರುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಅವರ ಮಾತಿನಲ್ಲಿ ಅದು ನಿನ್ನೆಯೋ ಮೊನ್ನೆಯೋ ನಡೆದದ್ದರ ಹಾಗಿರುತ್ತಿತ್ತು. ಅರಸರು ದ್ವೀಪ ಬಿಟ್ಟು ಆಗಲೇ ಒಂದೂವರೆ ಶತಮಾನಕ್ಕೂ ಹೆಚ್ಚು ಕಳೆದಿದ್ದರೂ, ಹಳ್ಳಿಯ ನೆನಪು ಆ ಜಾಗವನ್ನು ಬಿಟ್ಟುಕೊಟ್ಟಿರಲಿಲ್ಲ.

ಅರಸರು ದ್ವೀಪದಲ್ಲಿದ್ದ ಕಾಲದ ಹಬ್ಬ ಹೇಗಿತ್ತು? ನಮಗೆ ಸಿಗುವ ಒಳ್ಳೆಯ ಸಾಕ್ಷಿ ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’. 1648ರ ಸಾಂಗತ್ಯ ಕಾವ್ಯ. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ ಶ್ರೀರಂಗಪಟ್ಟಣ, ಅದರ ಬೀದಿ, ಪೇಟೆ, ಅರಮನೆ, ಮಹಾನವಮಿಯ ಓಲಗ ಎಲ್ಲವೂ ಅದರಲ್ಲಿದೆ. ಕಂಠೀರಾಯ ಹಣ ಟಂಕಿಸಿದ, ಪಟ್ಟಣದಲ್ಲಿ ನರಸಿಂಹಸ್ವಾಮಿ ಗುಡಿ ಕಟ್ಟಿಸಿದ ದೊರೆ ಅವರು. ಮೈಕಟ್ಟಿಗೂ ಸಾಹಸಕ್ಕೂ ಹೆಸರಾದವರು. ಹಾಗಾಗಿ ಅವರ ನವರಾತ್ರಿಯಲ್ಲಿ ಜಟ್ಟಿಗಳ ಕಾಳಗಕ್ಕೆ ದೊಡ್ಡ ಮರ್ಯಾದೆ. ಸಂಜೆಯ ಓಲಗ, ನೃತ್ಯ, ಬಾಣಬಿರುಸು. ಇದರ ಹಿಂದೆ ಹಂಪೆಯ ಮಾದರಿಯಿದೆ. 1443ರಲ್ಲಿ ಪರ್ಷಿಯಾದ ಪಯಣಿಗ ಅಬ್ದುಲ್ ರಜಾಕ್, ಆಮೇಲೆ ಪೋರ್ಚುಗೀಸ್ ಪಯಣಿಗ ಪಾಯಸ್ ಅಲ್ಲಿ ಕಂಡು ಬರೆದಿಟ್ಟ ಮಹಾನವಮಿಯನ್ನು, ವಿಜಯನಗರ ಸೋತ 1565ರ ಯುದ್ಧದ ನಂತರ ಅನಾಥವಾಗಿದ್ದ ಆ ಹಬ್ಬವನ್ನು, ಒಡೆಯರು ಕೈಗೆತ್ತಿಕೊಂಡರು. ವಿಜಯನಗರದ ಪ್ರತಿನಿಧಿ ಬಿಟ್ಟುಹೋದ ಊರಿನಲ್ಲೇ ವಿಜಯನಗರದ ಹಬ್ಬ ನಡೆಸುವುದೆಂದರೆ, ಇನ್ನು ಈ ನಾಡಿಗೆ ದೊರೆ ನಾನು ಎಂದು ಡಂಗುರ ಹೊಡೆಸಿದಂತೆಯೇ.

ಈ ಪುಸ್ತಕಗಳನ್ನೆಲ್ಲ ನಾನು ಪಾಠಕ್ಕಾಗಿ ಓದಿದವನು. ಓದುವಾಗ ಒಂದೇ ಕೊರತೆ ಕಾಡುತ್ತಿತ್ತು. ದೊರೆ ಯಾರು, ದಳವಾಯಿ ಯಾರು, ಯಾವ ಸಾಮಂತ ಯಾವ ಕಡೆ ಕೂತಿದ್ದ ಎಂಬುದಕ್ಕೆ ಕವಿಗಳು, ಪಯಣಿಗರು, ಗೆಜೆಟಿಯರ್ ಬರೆದವರು ಎಲ್ಲರೂ ಜಾಗ ಕೊಟ್ಟಿದ್ದಾರೆ. ಮುಂದೆ ಕುಣಿದವನು ಯಾವ ಊರಿನಿಂದ ಬಂದ, ತಮಟೆ ಹೊಡೆದವನು ರಾತ್ರಿ ಎಲ್ಲಿ ಮಲಗಿದ, ಅವನಿಗೆ ಏನು ಕೊಟ್ಟರು ಎಂಬುದಕ್ಕೆ ಜಾಗವಿಲ್ಲ. ಆದರೆ ಅವನಿಲ್ಲದೆ ಆನೆ ಹೆಜ್ಜೆ ಇಟ್ಟದ್ದುಂಟೆ? ಆನೆಗೆ ದಾರಿ ಬಿಡಿಸುವುದೇ ತಮಟೆಯ ಸದ್ದು.

ಕಿರಂಗೂರಿನ ರಸ್ತೆಗೆ ಇನ್ನೊಂದು ಮೆರವಣಿಗೆಯ ಹಕ್ಕೂ ಇದೆ. ಅದು ಮೇಲುಕೋಟೆ ಚೆಲುವನಾರಾಯಣನ ಕಿರೀಟ ವೈರಮುಡಿಯದು. ಫಾಲ್ಗುಣ ಮಾಸದ ಪುಷ್ಯ ನಕ್ಷತ್ರದ ದಿನ ಮಂಡ್ಯದ ಜಿಲ್ಲಾ ಖಜಾನೆಯಿಂದ ಕಿರೀಟದ ಪೆಟ್ಟಿಗೆಯನ್ನು ತೆಗೆದು, ಅಧಿಕಾರಿಗಳು, ದೇವಸ್ಥಾನದ ಸ್ಥಾನೀಕರು, ಪೊಲೀಸರ ಕಾವಲಿನಲ್ಲಿ ಹೊರಡಿಸುತ್ತಾರೆ. ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಗಳನ್ನು ಹಾದು, ಕಿರಂಗೂರಿನಲ್ಲಿ ತಿರುಗಿ, ಪಾಂಡವಪುರದ ಮೇಲೆ, ಜಕ್ಕನಹಳ್ಳಿಯ ಮೇಲೆ ಬೆಟ್ಟ ಹತ್ತುತ್ತದೆ. ಸರ್ಕಾರದ ಲೆಕ್ಕದಲ್ಲಿ ಇದು ಒಂದು ಒಡವೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ. ದಾರಿಯ ಹಳ್ಳಿಗಳು ಅದನ್ನು ಉತ್ಸವ ಮಾಡಿಕೊಂಡಿವೆ. ಈ ಸಾಲಿನಲ್ಲಿ ಎಲ್ಲಿಯೂ ದೇವರಿಲ್ಲ, ಉತ್ಸವಮೂರ್ತಿಯಿಲ್ಲ. ಮುಚ್ಚಿದ ಪೆಟ್ಟಿಗೆಯೊಂದೇ ಇರುವುದು. ಆದರೂ ನೀರು ಚಿಮುಕಿಸಿ, ರಂಗೋಲಿ ಬಿಟ್ಟು, ಬಾಳೆಕಂದು ಕಟ್ಟಿ, ಮಾವಿನ ತೋರಣ ಏರಿಸಿ ಊರಿಗೂರೇ ಕಾಯುತ್ತದೆ.

ನಾನು ಚಿಕ್ಕವನಾಗಿದ್ದಾಗ ಅಜ್ಜಿ ಆ ದಿನ ಬೆಳಗಿನಿಂದ ಏನೂ ತಿನ್ನುತ್ತಿರಲಿಲ್ಲ. ಬೇಲದ ಹಣ್ಣಿನ ಪಾನಕವನ್ನು ದೊಡ್ಡ ಹಂಡೆಯಲ್ಲಿ ಕದಡಿ ಬೀದಿಗೆ ಇಡುತ್ತಿದ್ದರು. ಬಿಸಿಲು, ಧೂಳು, ಕಬ್ಬಿನ ಗಾಡಿಗಳು, ಆಲೆಮನೆಗಳ ಬೆಲ್ಲದ ವಾಸನೆ. ‘ಬಂತು’ ಎಂದು ಯಾರೋ ಕೂಗಿದ ಕೂಡಲೇ ಹೆಂಗಸರು ಕಳಸ ಎತ್ತಿಕೊಳ್ಳುವರು. ಗಾಡಿ ನಮ್ಮ ಮುಂದೆ ನಿಲ್ಲುತ್ತಿದ್ದದ್ದು ಒಂದು ಮಂಗಳಾರತಿಯಷ್ಟು ಹೊತ್ತು ಮಾತ್ರ. ಅಜ್ಜಿ ಆ ಪೆಟ್ಟಿಗೆಗೆ ಅಡ್ಡಬಿದ್ದು ಎದ್ದಾಗ ಅವರ ಹಣೆಗೆ ರಸ್ತೆಯ ಮಣ್ಣು ಅಂಟಿರುತ್ತಿತ್ತು, ಅದನ್ನು ಅವರು ಒರೆಸಿಕೊಳ್ಳುತ್ತಿರಲಿಲ್ಲ. ವೈರಮುಡಿಯನ್ನು ಹಗಲಲ್ಲಿ ಬರಿಗಣ್ಣಿನಿಂದ ನೋಡಬಾರದು. ಅದಕ್ಕೇ ಪೆಟ್ಟಿಗೆ ಮುಚ್ಚಿರುತ್ತದೆ, ಅದಕ್ಕೇ ಉತ್ಸವ ರಾತ್ರಿ ಗರುಡವಾಹನದ ಮೇಲೆ ನಡೆಯುತ್ತದೆ. ಕ್ಷೀರಸಾಗರದಲ್ಲಿ ಮಲಗಿದ್ದ ವಿಷ್ಣುವಿನ ಕಿರೀಟವನ್ನು ವಿರೋಚನ ಕದ್ದೊಯ್ದದ್ದು, ಗರುಡ ಹೋಗಿ ಗೆದ್ದು ತಂದದ್ದು, ಈ ಕಥೆಯನ್ನು ನಾನು ಕೇಳಿದ್ದು ಅಜ್ಜಿಯ ಬಾಯಲ್ಲಿ, ಪಾನಕದ ಹಂಡೆಯ ಪಕ್ಕದಲ್ಲಿ.

ಅಪ್ಪನ ಕಡೆಯ ಚುಂಚನಗಿರಿ ಜಾತ್ರೆಯೂ ಅದೇ ಫಾಲ್ಗುಣದ ಹುಣ್ಣಿಮೆಗೆ. ವೈರಮುಡಿ ಮುಗಿದು ಕೆಲವೇ ದಿನಕ್ಕೆ ನಾವು ನಾಗಮಂಗಲದ ಕಡೆಗೆ ಹೊರಡುತ್ತಿದ್ದೆವು. ಅಲ್ಲಿ ಅಪ್ಪ ಪಟ ಎತ್ತುತ್ತಿದ್ದರು. ಒಂದು ಊರಿನಲ್ಲಿ ಕಾದು ನಿಂತು ಕೈಮುಗಿದ ಹುಡುಗ, ಇನ್ನೊಂದು ಊರಿನಲ್ಲಿ ತಮಟೆಯ ಹಿಂದೆ ಓಡುತ್ತಿದ್ದ.

ವೈರಮುಡಿಗೂ ದಸರೆಗೂ ನಂಟಿದೆ, ಅದನ್ನು ಹಲವರು ಗಮನಿಸುವುದಿಲ್ಲ. ಶ್ರೀರಂಗಪಟ್ಟಣಕ್ಕೆ ದಸರೆ ತಂದ ರಾಜ ಒಡೆಯರೇ ಮೇಲುಕೋಟೆಗೆ ರಾಜಮುಡಿ ಕೊಟ್ಟವರು. ಆ ದೇವಾಲಯದಲ್ಲಿ ಅವರ ಭಕ್ತವಿಗ್ರಹ ಇವತ್ತಿಗೂ ಕೈಮುಗಿದು ನಿಂತಿದೆ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ಕೃಷ್ಣರಾಜಮುಡಿ ಒಪ್ಪಿಸಿದರು. ದೊರೆ ತಾನು ಆನೆ ಮೇಲೆ ಕೂರುವ ಮೆರವಣಿಗೆಯೊಂದು, ತಾನು ಕಿರೀಟ ಒಪ್ಪಿಸಿ ಕೆಳಗೆ ನಿಲ್ಲುವ ಮೆರವಣಿಗೆ ಇನ್ನೊಂದು. ಎರಡನ್ನೂ ರಾಜ ಒಡೆಯರೊಬ್ಬರೇ ಬೆಳೆಸಿದರು ಎಂಬುದು ನನ್ನ ಮಟ್ಟಿಗೆ ದೊಡ್ಡ ಸಂಗತಿ.

1761ರ ನಂತರ ಅಧಿಕಾರ ಹೈದರ್ ಅಲಿಯ ಕೈಗೆ ಬಂತು. ಹಬ್ಬ ನಿಲ್ಲಲಿಲ್ಲ. ಒಡೆಯರನ್ನು ದಸರೆಯಲ್ಲಿ ಜನರ ಮುಂದೆ ಕೂರಿಸಿ ದರ್ಶನ ಮಾಡಿಸುವ ಪದ್ಧತಿ ನಡೆಯಿತು. ರಾಜ್ಯ ಆಳುವವರು ಬೇರೆ, ಹಬ್ಬದ ದೊರೆ ಬೇರೆ. ಜನ ಇಬ್ಬರನ್ನೂ ಕಂಡರು. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡಾಗ ಟಿಪ್ಪು ಸುಲ್ತಾನ್ ಇನ್ನೊಬ್ಬರನ್ನು ಪಟ್ಟಕ್ಕೆ ತರಲಿಲ್ಲ. 1799ರ ಮೇ 4ರಂದು ಕೋಟೆ ಬಿತ್ತು. ಜೂನ್ 30ರಂದು ಸುಮಾರು ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಪೂರ್ಣಯ್ಯ ದಿವಾನರಾದರು, ದ್ವೀಪ ಕಂಪನಿಯ ವಶಕ್ಕೆ ಹೋಯಿತು, ದಸರೆ ಮೈಸೂರಿನದಾಯಿತು.

ಶ್ರೀರಂಗಪಟ್ಟಣದ ಮೆರವಣಿಗೆ ನಿಂತದ್ದಕ್ಕೆ ದೊರೆ ಹೋದದ್ದೊಂದೇ ಕಾರಣವಲ್ಲ, ಜನವೂ ಹೋದರು. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬಹುದೆಂದೂ, ತಾನು ಕಂಡಾಗ ಸುಮಾರು 32,000 ಉಳಿದಿದ್ದರೆಂದೂ ಅಂದಾಜು ಮಾಡಿದ್ದಾನೆ. ಶಿರಾದಿಂದ ಕರೆತಂದು ದ್ವೀಪದ ಗಂಜಾಮಿನಲ್ಲಿ ನೆಲೆಗೊಳಿಸಿದ ಮನೆತನಗಳು, ಸೈನ್ಯವನ್ನು ನಂಬಿದ್ದ ಕಸಬುದಾರರು, ಪೇಟೆಯ ವ್ಯಾಪಾರಿಗಳು, ಇವರ ಬದುಕೆಲ್ಲ ಅರಮನೆಯ ಸುತ್ತ ಹೆಣೆದದ್ದು. ಮೇಲಿಂದ ಜ್ವರದ ಕಾಟ. ನೋಡಲು ಬೀದಿಯಲ್ಲಿ ಜನ ಇಲ್ಲದ ಮೇಲೆ ಯಾರಿಗಾಗಿ ಮೆರೆಯುವುದು?

ಆದರೆ ಮೆರವಣಿಗೆಯ ಮುಂಭಾಗ ಸತ್ತಿರಲಿಲ್ಲ. ಅದು ಹಳ್ಳಿಗಳಲ್ಲಿತ್ತು. ನಾಗಮಂಗಲದ ಪಟ, ಪೂಜಾ ಕುಣಿತ, ಸೋಮನ ಕುಣಿತ. ಕೃಷ್ಣರಾಜಪೇಟೆಯ ಕಡೆಯ ನಗಾರಿ, ತಮಟೆ, ಕೋಲಾಟ. ಪಾಂಡವಪುರದ ಬೀದಿಗಳ ವೀರಗಾಸೆ. ದೊರೆ ಮೈಸೂರಿಗೆ ಹೋದ ಮೇಲೂ ಇವು ತಮ್ಮ ತಮ್ಮ ದೇವರ ಮುಂದೆ ಕುಣಿಯುತ್ತಲೇ ಇದ್ದವು. ನಾನು ಹೇಳಬೇಕಾದದ್ದು ಇದೇ: ಪಟ್ಟಣದಲ್ಲಿ ದಸರೆ ಮತ್ತೆ ಶುರುವಾದಾಗ ಮರದ ಅಂಬಾರಿ ಹೊಸದಾಗಿ ಬೇಕಾಯಿತು, ಆನೆಯನ್ನು ಮೈಸೂರಿನಿಂದ ತರಿಸಬೇಕಾಯಿತು, ವೇದಿಕೆ ಕಟ್ಟಬೇಕಾಯಿತು, ಕುಣಿತವನ್ನು ಯಾರೂ ಹೊಸದಾಗಿ ಮಾಡಬೇಕಾಗಲಿಲ್ಲ. ಅದು ಸಿದ್ಧವಾಗಿತ್ತು.

ನಮ್ಮ ತಂಡದ ನಗಾರಿಯವರು ಕಿಕ್ಕೇರಿ ಕಡೆಯವರು. ಮಧ್ಯಾಹ್ನದ ಬಿಸಿಲಿಗೆ ನಗಾರಿಯ ಚರ್ಮ ಕಾದು ಬಿಗಿಯಾಗುತ್ತದೆ. ತಮಟೆಗೆ ಮಾತ್ರ ಹುಲ್ಲು ಉರಿಸಿ ಕಾವು ಕೊಡಬೇಕು. ಬನ್ನಿಮಂಟಪದ ಆಚೆ ಗದ್ದೆಯ ಬದುವಿನಲ್ಲಿ ಅಲ್ಲಲ್ಲಿ ಆ ಸಣ್ಣ ಬೆಂಕಿಗಳು, ಸುತ್ತ ಬೆನ್ನು ಬಾಗಿಸಿ ಕೂತ ವಾದ್ಯದವರು. ಗೆಜ್ಜೆ ಕಟ್ಟುವವರು, ಪೇಟ ಸುತ್ತುವವರು, ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ವೀರಗಾಸೆಯವರು. ಪೂಜೆಯಾಗಿ, ಚಾಮುಂಡೇಶ್ವರಿಯ ಮೂರ್ತಿಗೆ ಗಣ್ಯರು ಹೂವು ಎರಚಿದ ಮೇಲೆ ಸಾಲು ಹೊರಡುತ್ತದೆ. ಮಹೇಂದ್ರ ಆನೆ ಅಂಬಾರಿ ಹೊತ್ತು ನಿಂತಾಗ ಅದರ ಕಿವಿಯ ಬೀಸಣಿಗೆ ನಮ್ಮ ಬೆನ್ನಿಗೆ ತಾಗುವಷ್ಟು ಹತ್ತಿರ ಒಮ್ಮೆ ನಮ್ಮನ್ನು ನಿಲ್ಲಿಸಿದ್ದರು. ಎಷ್ಟು ದೊಡ್ಡ ಪ್ರಾಣಿ, ಎಷ್ಟು ಸಮಾಧಾನ!

ಕಿರಂಗೂರಿನಿಂದ ಬಾಬುರಾಯನಕೊಪ್ಪಲಿನವರೆಗೆ ದಾರಿ ಸಲೀಸು. ಮನೆಗಳ ಮಾಳಿಗೆಯ ತುಂಬ ಜನ. ಪಟದವರಿಗೆ ಅಲ್ಲಿ ವಿದ್ಯುತ್ ತಂತಿಯ ಚಿಂತೆಯೊಂದೇ; ತಂತಿ ಬಂದ ಕಡೆ ಪಟವನ್ನು ವಾಲಿಸಿ, ಅಡ್ಡ ಹಿಡಿದು, ದಾಟಿದ ಮೇಲೆ ಮತ್ತೆ ಎತ್ತಬೇಕು. ಅಪ್ಪನ ಕಾಲದ ಪಟಕ್ಕೆ ಆಕಾಶವೇ ಎಲ್ಲೆಯಾಗಿತ್ತು. ಆಮೇಲೆ ಕಾವೇರಿಯ ಉತ್ತರದ ಕವಲಿನ ಸೇತುವೆ. ಅಲ್ಲಿ ಕನ್ನಂಬಾಡಿ ಕಡೆಯಿಂದ ನೀರಿನ ಮೇಲೆ ಹಾದು ಬರುವ ಪಡುವಣ ಗಾಳಿಗೆ ಬಟ್ಟೆ ಉಬ್ಬುತ್ತದೆ, ಗಳ ಪೂರ್ವಕ್ಕೆ ಎಳೆಯುತ್ತದೆ. ಕುಣಿತದ ಗತ್ತು ಬಿಡದೆ, ಮೈಯನ್ನು ಗಾಳಿಗೆ ಎದುರಾಗಿ ಒರಗಿಸಿ ನಡೆಯಬೇಕು. ಸೇತುವೆ ದಾಟುವಷ್ಟರಲ್ಲಿ ರಟ್ಟೆ ಕಲ್ಲಾಗಿರುತ್ತದೆ. ದಾಟಿದ ಕೂಡಲೇ ಕೋಟೆಯ ಗೋಡೆ, ಕಂದಕ. ಆ ಗೋಡೆಯ ನೆರಳಿಗೆ ಕಾಲಿಟ್ಟಾಗ ತಮಟೆಯ ಸದ್ದು ಕಲ್ಲಿಗೆ ಬಡಿದು ಇಮ್ಮಡಿಯಾಗಿ ವಾಪಸು ಬರುತ್ತದೆ. ಅಷ್ಟು ಹೊತ್ತಿನ ದಣಿವು ಅಲ್ಲಿ ಇಳಿಯುತ್ತದೆ. ಕಂಠೀರವ ನರಸರಾಜರ ಕಾಲದಲ್ಲಿ ಈ ಊರಿನ ಬೀದಿಯಲ್ಲಿ ಹೊಡೆದ ತಮಟೆಗೂ ಇದೇ ನಾದ ಇದ್ದಿರಬೇಕು ಎಂದು ನನಗೆ ಪ್ರತಿ ಸಾರಿ ಅನಿಸಿದೆ. ಕೊನೆಗೆ ರಂಗನಾಥನ ದೇವಾಲಯದ ಬಯಲು. ಬಯಲಿಗೆ ಬಂದ ಮೇಲೆ ನಮ್ಮ ಕೆಲಸ ಮುಗಿಯಿತು, ವೇದಿಕೆಯ ಕೆಲಸ ಶುರು.

ತಮಟೆಯವರ ಮಾತು ಇನ್ನೊಂದಿಷ್ಟು ಹೇಳಬೇಕು. ನಾನು ಹುಡುಗನಾಗಿದ್ದಾಗ ತಮಟೆ ಹೊಡೆಯುವ ದಲಿತ ಕೇರಿಯವರು ಹಬ್ಬದ ದಿನ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು, ಊಟದ ಹೊತ್ತಿಗೆ ಎಲ್ಲರಿಗಿಂತ ದೂರ ಕೂರಬೇಕಿತ್ತು. ದೇವರಿಗೆ ಅವರ ಸದ್ದು ಬೇಕು, ಊರಿಗೆ ಅವರ ನೆರಳು ಬೇಡ. ಇದು ಅನ್ಯಾಯ. ಮೇಲುಕೋಟೆಯಲ್ಲಿ ರಾಮಾನುಜರು ಹನ್ನೆರಡನೆಯ ಶತಮಾನದಲ್ಲೇ ಇವರನ್ನು ತಿರುಕ್ಕುಲತ್ತಾರ್ ಎಂದು ಕರೆದು, ರಥೋತ್ಸವದ ಕಾಲದಲ್ಲಿ ದೇವಾಲಯದ ಪ್ರವೇಶ ಕೊಟ್ಟರೆಂಬ ಪರಂಪರೆ ನಮ್ಮ ಜಿಲ್ಲೆಯದೇ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಹಳ್ಳಿಗಳೇ ಎಷ್ಟೋ ಕಾಲ ಅದನ್ನು ಪಾಲಿಸಲಿಲ್ಲ. ದಸರೆಯ ಸಾಲಿನಲ್ಲಿ ನಮ್ಮ ತಂಡ ಒಟ್ಟಿಗೆ ನಡೆದು, ಒಂದೇ ಪಂಕ್ತಿಯಲ್ಲಿ ಕೂತು ಉಂಡಿದೆ. ಪಟ ಹಿಡಿದವನಿಗೆ ಗತ್ತು ಕೊಡುವವನು ತಮಟೆಯವನು. ಅವನು ಒಂದು ಪೆಟ್ಟು ತಪ್ಪಿದರೆ ಗಳ ನನ್ನ ಹಣೆಯಿಂದ ಜಾರುತ್ತದೆ. ಅವನ ಕೈಯಲ್ಲಿ ನನ್ನ ಮಾನ ಇದೆ ಎಂದು ತಿಳಿದವನಿಗೆ ಅವನನ್ನು ದೂರ ಕೂರಿಸಲು ಮನಸ್ಸು ಹೇಗೆ ಬಂದೀತು?

ಈಗಿನ ಮೆರವಣಿಗೆಯಲ್ಲಿ ನನಗೆ ನೋವಾಗುವ ಸಂಗತಿಯೂ ಇದೆ. ಕಲಾತಂಡಗಳಿಗೆ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂಬ ಅವಸರ. ಗಣ್ಯರ ಭಾಷಣಕ್ಕೆ ತಡವಾದರೆ ಆ ಹೊತ್ತನ್ನು ಕುಣಿತದಿಂದ ಕಡಿಯುತ್ತಾರೆ. ಪಟವನ್ನು ಹಲ್ಲಿನ ಮೇಲೆ ನಿಲ್ಲಿಸಲು ನಿಂತ ಜಾಗದಲ್ಲಿ ಮೂರು ನಿಮಿಷ ಬೇಕು. ಓಡುತ್ತಾ ಅದನ್ನು ಮಾಡಲಾಗದು. ಜನ ಅಷ್ಟು ದೂರದಿಂದ ಬಂದು ನಿಂತದ್ದು ಅದನ್ನು ನೋಡಲಿಕ್ಕೆ. ಕೊಪ್ಪಲಿನಲ್ಲಿ ಒಂದು ಕಡೆ, ಸೇತುವೆಯ ಈಚೆ ಒಂದು ಕಡೆ, ಕೋಟೆಯೊಳಗೆ ಒಂದು ಕಡೆ ತಂಡಗಳನ್ನು ನಿಲ್ಲಿಸಿ ಕುಣಿಯಲು ಬಿಟ್ಟರೆ ಸಾಕು. ಬೇರೆ ಸೌಕರ್ಯ ನಾವು ಕೇಳುವುದಿಲ್ಲ.

ಮತ್ತೊಂದು ಕೋರಿಕೆ ಓದುಗರಿಗೆ, ಅದರಲ್ಲೂ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ ತಾಲ್ಲೂಕುಗಳ ಮೇಷ್ಟರುಗಳಿಗೆ, ಕಾಲೇಜಿನ ಮಕ್ಕಳಿಗೆ. ಗೋವಿಂದ ವೈದ್ಯನ ಕಾಲದಲ್ಲಿ ಕುಣಿದವರ ಹೆಸರು ನಮಗೆ ಇನ್ನು ಸಿಗದು. ಈಗ ಕುಣಿಯುತ್ತಿರುವವರ ಹೆಸರು ಸಿಗುತ್ತದೆ. ಅವರ ಊರು, ಅವರಿಗೆ ಕಲಿಸಿದವರು, ಅವರ ಪಟದ ದೇವರು, ಅವರ ತಮಟೆಯ ಗತ್ತುಗಳು, ಇವನ್ನು ಕೂತು ಕೇಳಿ ಬರೆದಿಡಿ, ಧ್ವನಿ ಹಿಡಿದಿಡಿ. ಮುಂದಿನ ನವರಾತ್ರಿಯಲ್ಲಿ ಜಂಬೂಸವಾರಿಗೆ ಬರುವವರು ರಂಗನಾಥನ ಬಯಲಿನ ಕುರ್ಚಿಗೆ ಮುಂಚಿತವಾಗಿ ಹೋಗಿ ಕೂರಬೇಡಿ. ಮಧ್ಯಾಹ್ನದ ಹೊತ್ತಿಗೆ ಕಿರಂಗೂರಿನ ಬನ್ನಿಮಂಟಪಕ್ಕೆ ಬನ್ನಿ, ಸಾಲಿನ ಜೊತೆ ಪಟ್ಟಣದವರೆಗೆ ನಡೆಯಿರಿ.